ತಮ್ಮನ ಥೈಮಸ್ ಆಪರೇಷನ್‌ಗೆ ಮೊದ್ಲು, ಆಮ್ಯಾಗ: ಕಲಬುರಗಿಯ ಈ ಹಾರ್ಮೋನ್ ಕ್ಲಿನಿಕ್‌ಗೆ 5ಕ್ಕ 4 ಸ್ಟಾರ್

ಒಂದೂವರೆ ವರ್ಷ ಆಯ್ತು ಈ ಕ್ಲಿನಿಕ್‌ಗೆ ಬರ್ಲಿಕತ್ತು, ಬರಿಬೇಕು ಬರಿಬೇಕಂತ ಇದ್ದೆ, ಇವತ್ತು ಬರಿಲಿಕತ್ತೀನಿ. ಉದ್ದ ಆಗ್ತದ, ಆದ್ರ ನಿಮ್ಮ ಮನ್ಯಾಗ ಯಾರಿಗರೇ ಪದೇ ಪದೇ ಕಿಡ್ನಿ ಸ್ಟೋನ್ ಆಗ್ಲಿಕತ್ತಿದ್ರ ಪೂರ್ತಿ ಓದ್ರಿ.

ನನ್ನ ತಮ್ಮಗ 31 ವರ್ಷ. ನಾಕು ವರ್ಷದಾಗ ಮೂರು ಸಲ ಸ್ಟೋನ್. ಬ್ಯಾರೆ ಬ್ಯಾರೆ ದವಾಖಾನ್ಯಾಗ ತೋರ್ಸೀವಿ, ಸ್ಟೋನ್ ತೆಗೀತಿದ್ರು, ನೀರು ಭಾಳ ಕುಡೀರಿ ಅಂತಿದ್ರು, ಮುಗೀತು. ನಾವೂ ಹಂಗೇ ತಿಳ್ಕೊಂಡಿದ್ವಿ, ನಮ್ಮ ಬಿಸಿಲು, ನಮ್ಮ ಬೋರ್ ನೀರು, ಓಣ್ಯಾಗ ನಾಕು ಮಂದಿಗಿ ಸ್ಟೋನ್ ಇದ್ದೇ ಇರ್ತದ. ರಕ್ತದಾಗ ಕ್ಯಾಲ್ಸಿಯಂ ಎಷ್ಟದ ಅಂತ ಯಾರೂ ನೋಡ್ಲಿಲ್ಲ. ಈ ಡಾಕ್ಟ್ರು ಮೊದಲ್ನೇ ದಿನಾನೇ ಅದನ್ನ ಬರದ್ರು. 11.8 ಬಂತು, 10.5ರ ಒಳಗ ಇರ್ಬೇಕಿತ್ತಂತ.

ಆಮ್ಯಾಗ ಒಂದು ಹಾಳಿ ತಗೊಂಡು ನಮ್ಮ ಮನಿತನದ ಮಂದೀನೆಲ್ಲ ಬರಕೊಂಡ್ರು. ಅಪ್ಪಗ ಏನಾಗಿತ್ತಂತ ಕೇಳಿದ್ರು. ಅವ್ವ ಹೇಳಿದ್ಳು, ಅವರಿಗೂ ಸ್ಟೋನ್ ಇತ್ರಿ, ಹೊಟ್ಟ್ಯಾಗ ಹುಣ್ಣು ಇತ್ರಿ, ಎಷ್ಟು ಗುಳಿಗಿ ನುಂಗಿದ್ರೂ ಮಾಯಲೇ ಇಲ್ರಿ ಅಂತ. ಅಲ್ಲಿಂದ ದಾರಿ ಸಿಕ್ತು. ಮೆನ್-1 ಅಂತ ಒಂದು ಕಾಯಿಲೆ, ಆ ಹೆಸರಿನ ಜೀನ್‌ನ್ಯಾಗ ದೋಷ ಇದ್ರ ಬರ್ತದ, ಜೀನ್ ಯಾವುದಂತ ಕಂಡುಹಿಡಿದದ್ದೇ 1997ರಾಗ. ಅಪ್ಪಗ ಇದ್ರ ಒಂದೊಂದು ಮಗುವಿಗಿ ಬರೋದು ಅರ್ಧಕ್ಕರ್ಧ. ರಕ್ತದಾಗ ಕ್ಯಾಲ್ಸಿಯಂ ಎಷ್ಟಿರ್ಬೇಕಂತ ನೋಡ್ಕೊಳ್ಳೋ ಕುತ್ತಿಗ್ಯಾಗಿನ ಪ್ಯಾರಾಥೈರಾಯ್ಡ್ (ಸಾಮಾನ್ಯವಾಗಿ ನಾಕು ಸಣ್ಣ ಗ್ರಂಥಿ), ಹೊಟ್ಟ್ಯಾಗಿನ ಪ್ಯಾಂಕ್ರಿಯಾಸ್, ತಲ್ಯಾಗಿನ ಪಿಟ್ಯುಟರಿ, ಈ ಮೂರು ಕಡಿ ಗಡ್ಡಿ ಏಳ್ತಾವ. ಅಪ್ಪನ ಹೊಟ್ಟಿ ಹುಣ್ಣು ಸಹ ಈ ಕಾಯಿಲೇದ್ದೇ ಇರಬಹುದಿತ್ತು. ಇಬ್ಬರೂ ಟೆಸ್ಟ್ ಮಾಡ್ಸಿದ್ವಿ, ತಮ್ಮಗ ಬಂದದ, ನನಗ ಇಲ್ಲ. ನನ್ನ ರಿಪೋರ್ಟ್ ಕೈಯಾಗ ಹಿಡ್ಕೊಂಡು ಅವನ ಮಾರಿ ನೋಡ್ಲಿಕ್ಕ ನನಗ ಆಗ್ಲಿಲ್ಲ.

ನಾನು ಸ್ಟಾರ್ ಕೊಟ್ಟದ್ದು ಮುಖ್ಯವಾಗಿ ಇದಕ್ಕ. ಪ್ಯಾರಾಥೈರಾಯ್ಡ್ ಆಪರೇಷನ್ ಜೋಡಿ ಥೈಮಸ್ಸೂ (ಎದಿ ಎಲುಬಿನ ಹಿಂದಿರೋ, ರೋಗ ತಡಿಯೋ ಶಕ್ತಿ ಬೆಳೆಸೋ ಗ್ರಂಥಿ) ತೆಗೀಬೇಕು ಅಂದಾಗ ಅವ್ವ ಅಳ್ಲಿಕ್ಕ ಶುರು ಮಾಡಿದ್ಳು, ಇನ್ನಾ ರೋಗ ಇಲ್ಲದ್ದನ್ನ ಯಾಕ ತೆಗೀತಾರ ಅಂತ. ಹೊರಗ ಪೇಷಂಟ್ ತುಂಬಿದ್ರು, ಆದ್ರೂ ಡಾಕ್ಟ್ರು ಬರೊಬ್ಬರಿ ಮುಕ್ಕಾಲು ತಾಸು ಕುಂತು ಹೇಳಿದ್ರು. ಕೂಸು ಹೊಟ್ಟ್ಯಾಗ ಇದ್ದಾಗ ಕೆಳಗಿನ ಎರಡು ಪ್ಯಾರಾಥೈರಾಯ್ಡ್ ಮತ್ತ ಥೈಮಸ್ ಒಂದೇ ಜಾಗದಾಗ ಹುಟ್ಟಿ ಕೂಡೇ ಕೆಳಗ ಇಳೀತಾವ, ಹಂಗಾಗಿ ಥೈಮಸ್ ಒಳಗ ಐದನೇದೋ ಆರನೇದೋ ಪ್ಯಾರಾಥೈರಾಯ್ಡ್ ಅಡಗಿರಬಹುದು, ಅದನ್ನ ಬಿಟ್ರ ಕ್ಯಾಲ್ಸಿಯಂ ಮತ್ತ ಏರ್ತದ. ಎರಡನೇದು, ಈ ಕಾಯಿಲೆ ಇದ್ದವರೊಳಗ ನೂರಕ್ಕ 2ರಿಂದ 8 ಮಂದಿಗಿ ಥೈಮಸ್ಸಿನಾಗ ಕಾರ್ಸಿನಾಯ್ಡ್ ಅಂಬೋ ಗಡ್ಡಿ ಬರ್ತದ, ಬಂದ್ರ ಭಾಳ ಕೆಟ್ಟದ್ದು, ಗಂಡಸರಿಗಿ, ಅದರಾಗೂ ಸಿಗರೇಟ್ ಸೇದೋರಿಗಿ ಹೆಚ್ಚು. ತಮ್ಮ ಸೇದ್ತಿದ್ದ. ಅವತ್ತೇ ಬಿಟ್ಟಾನ.

ನಾನು ಮೊಬೈಲ್‌ನ್ಯಾಗ ಓದಿದ್ದನ್ನೂ ಕೇಳಿದೆ. 2023ರಾಗ ಅಮೆರಿಕಾದ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನ್ಯಾಗ ನೋಡ್ಯಾರ, ಥೈಮಸ್ ತೆಗೆಸಿದ ದೊಡ್ಡವರೊಳಗ 5 ವರ್ಷದಾಗ ಶೇಕಡಾ 8.1 ಮಂದಿ ಸತ್ತಾರ, ಎದಿ ಆಪರೇಷನ್ ಆದ್ರೂ ಥೈಮಸ್ ಉಳದವರೊಳಗ 2.8. ಅಂದ್ರ ವಯಸ್ಸಾದ ಮ್ಯಾಲ ಥೈಮಸ್ ಕೆಲಸಕ್ಕ ಬರಲ್ಲ ಅಂತ ಮಂದಿ ಅನ್ನೋದು ಖರೇ ಅಲ್ಲಲ್ರಿ ಅಂದೆ. ಡಾಕ್ಟ್ರು ಸಿಟ್ಟಾಗ್ಲಿಲ್ಲ, ಅಕ್ಕಾರೆ ಛಲೋ ಕೇಳಿದ್ರಿ ಅಂದ್ರು. ಅದು ಎದಿ ಕೊಯ್ದು ಮಾಡೋ ಆಪರೇಷನ್ ಮಂದೀದು, ಇಲ್ಲಿ ಕುತ್ತಿಗಿ ಗಾಯದಿಂದಾನೇ ಕೈಗಿ ಸಿಗೋ ಅಷ್ಟು ಭಾಗ ಎಳದು ತೆಗೀತಾರ, ಇವನಿಗಿರೋ ಅಪಾಯ ಬ್ಯಾರೆ ಅಂದ್ರು. ಪೂರ್ತಿ ಬರಲ್ಲ, ಅದಕ್ಕ ತೆಗೆಸಿದ ಮ್ಯಾಲ ಸಹ ಕಾರ್ಸಿನಾಯ್ಡ್ ಬಂದದ್ದು ಅದ, ವರ್ಷ ಎರಡು ವರ್ಷಕ್ಕ ಎದಿ ಸ್ಕ್ಯಾನ್ ತಪ್ಪಂಗಿಲ್ಲ ಅಂತನೂ ಬಾಯಿ ಬಿಟ್ಟು ಹೇಳಿದ್ರು. ಆಪರೇಷನ್ ಮಾಡ್ರಿ ಎಲ್ಲಾ ಸರಿ ಆಗ್ತದ ಅನ್ನೋರನ್ನ ಭಾಳ ನೋಡೀವಿ, ಹಿಂಗ ಹೇಳೋರನ್ನ ನೋಡಿರಲಿಲ್ಲ.

ಆಪರೇಷನ್ ಹೈದ್ರಾಬಾದಿನಾಗ ಆಯ್ತು. ಪ್ಯಾರಾಥೈರಾಯ್ಡ್ ಆಪರೇಷನ್ ಎಷ್ಟು ಮಾಡೀರಿ ಅಂತ ಸರ್ಜನ್‌ಗೇ ಕೇಳ್ರಿ, ಸಂಕೋಚ ಮಾಡಬ್ಯಾಡ್ರಿ ಅಂತ ಇವರೇ ಹೇಳಿ ಕಳಿಸಿದ್ರು. ಮೂರೂವರೆ ಗ್ರಂಥಿ ತೆಗದು ಅರ್ಧ ಉಳಿಸ್ಯಾರ. ಹದಿನೈದು ದಿನದ ಮ್ಯಾಲ ಬಯಾಪ್ಸಿ ರಿಪೋರ್ಟ್ ಬಂತು, ಥೈಮಸ್ ಒಳಗ ಒಂದು ಸಣ್ಣ ಪ್ಯಾರಾಥೈರಾಯ್ಡ್ ಸಿಕ್ಕಿತ್ತು. ನನ್ನ ಕೈ ನಡುಗ್ತಿದ್ವು ಅದನ್ನ ಓದ್ವಾಗ.

ಒಂದು ಸ್ಟಾರ್ ಯಾಕ ಕಡಿಮಿ ಅಂದ್ರ, ಮನಿಗಿ ಬಂದ ಮೂರನೇ ರಾತ್ರಿ ತಮ್ಮನ ತುಟಿ ಸುತ್ತ ಜುಮ್ ಅನ್ಲಿಕತ್ತು, ಬೆರಳು ಸೆಟದು ನಿಂತ್ವು. ಕ್ಯಾಲ್ಸಿಯಂ ಇಳಿದ್ರ ಹಿಂಗಾಗ್ತದಂತ ಮೊದ್ಲೇ ಹೇಳಿದ್ರು ಖರೇ, ಆದ್ರ ಕೊಟ್ಟ ನಂಬರ್‌ಗೆ ಐದು ಸಲ ಹಚ್ಚಿದ್ರೂ ಯಾರೂ ಎತ್ಲಿಲ್ಲ, ರಾತ್ರಿ ಎರಡಕ್ಕ ಆಟೋ ಮಾಡ್ಕೊಂಡು ಬ್ಯಾರೆ ದವಾಖಾನಿಗಿ ಓಡಿ ಸೂಜಿ ಹಾಕ್ಸೀವಿ. ಆಪರೇಷನ್ ಆಗಿ ಬಂದವರಿಗಿ ರಾತ್ರಿ ಫೋನ್ ಎತ್ತೋರು ಒಬ್ಬರು ಇರ್ಲೇಬೇಕ್ರಿ. ಮರುದಿನ ಡಾಕ್ಟ್ರು ತಪ್ಪಾಯ್ತಂತ ಒಪ್ಕೊಂಡ್ರು, ಈಗ ಬ್ಯಾರೆ ನಂಬರ್ ಕೊಟ್ಟಾರ.

ಫೀಸ್ 500, ಟೋಕನ್ ಬೇಕಂದ್ರ ಮುಂಜಾನಿ 8ಕ್ಕೇ ಹೋಗ್ರಿ. ಹಳೇ ರಿಪೋರ್ಟ್ ಒಂದೂ ಬಿಡ್ದೆ ಒಯ್ರಿ, ಎಲ್ಲಾ ನೋಡ್ತಾರ. ಮುಂದಿನ ತಿಂಗಳು ತಮ್ಮನ ಮಗಳ ಟೆಸ್ಟ್ ಅದ, 6 ವರ್ಷದ ಕೂಸು. ಇವರ ಬಲ್ಲೇ ಮಾಡಸ್ತೀವಿ.