ಸೊಲೆನಾಯ್ಡ್ ಕಾಯಿಲ್ ನೆಟ್ಟಗಿದೆಯಾ? ಎಂಎಲ್‌ಎಕ್ಸ್90393 ಸೆನ್ಸರ್ ಬಳಸಿ ನೋಡಿದ ಮೇಲೆ

ಕಾಲೇಜಿನ ಫಿಸಿಕ್ಸ್ ಲ್ಯಾಬ್ ನೋಡಿಕೊಳ್ಳುವವರು ಯಾರಾದರೂ ಕೇಳಿದರೆ, ಕಾಂತಕ್ಷೇತ್ರ ಅಳೆಯುವ ಈ ಎಂಎಲ್‌ಎಕ್ಸ್90393 ಸೆನ್ಸರ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಮೆಲೆಕ್ಸಿಸ್ ಕಂಪನಿಯ ಚಿಪ್ ಇದು, 3 ಮಿಲಿಮೀಟರ್ ಚೌಕ. ಸಣ್ಣ ಬೋರ್ಡಿಗೆ ಬೆಸುಗೆ ಹಾಕಿ ಮಾರುತ್ತಾರೆ. ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಗೊಂಡೆ, ಆನ್‌ಲೈನಿನಲ್ಲೂ ಸಿಗುತ್ತದೆ. ಆರ್ಡುಯಿನೊಗೆ (ಪ್ರೋಗ್ರಾಂ ಹಾಕಿ ಸೆನ್ಸರ್ ಓದಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ನಾಲ್ಕು ವೈರ್ ಜೋಡಿಸಿದರೆ ಎಕ್ಸ್, ವೈ, ಝಡ್ ಮೂರೂ ದಿಕ್ಕಿನ ಕಾಂತಕ್ಷೇತ್ರ ಒಟ್ಟಿಗೆ ಬರುತ್ತದೆ. ಕಾಂತಕ್ಷೇತ್ರ ಅಳೆಯುವ ಉಪಕರಣವಾದ ಒಳ್ಳೆಯ ಗಾಸ್‌ಮೀಟರಿನ ಬೆಲೆಯ ಮುಂದೆ ಇದರ ಬೆಲೆ ಏನೂ ಅಲ್ಲ.

ನನಗೆ ಬೇಕಾಗಿದ್ದು ಒಂದೇ ಕೆಲಸಕ್ಕೆ. ಇ ಬೈ ಎಂ, ಅಂದರೆ ಎಲೆಕ್ಟ್ರಾನಿನ ವಿದ್ಯುದಂಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತ ಕಂಡುಹಿಡಿಯುವ ಪ್ರಯೋಗಕ್ಕೆ ಹೊಸ ಸೊಲೆನಾಯ್ಡ್ (ಪೈಪಿನ ಉದ್ದಕ್ಕೂ ತಂತಿ ಸುತ್ತಿದ ಕಾಯಿಲ್) ಮಾಡಿಸಿದ್ದೆವು. ತಲಾ 200 ಮಿಲಿಮೀಟರಿನ ಎರಡು ಬಾಬಿನ್ (ತಂತಿ ಸುತ್ತುವ ಉರುಳೆ), 110 ಮಿಲಿಮೀಟರಿನ ಪಿವಿಸಿ ಪೈಪಿನ ಮೇಲೆ 20 ಗೇಜ್ ಎನಾಮಲ್ ತಂತಿ, ಒಟ್ಟು 800 ಸುತ್ತು. ಒಳಗೆ ಸಿಆರ್‌ಟಿ, ಅಂದರೆ ಎಲೆಕ್ಟ್ರಾನುಗಳನ್ನು ಪರದೆಗೆ ಹಾರಿಸುವ ಗಾಜಿನ ಟ್ಯೂಬ್ ಕೂರುತ್ತದೆ. ಕರೆಂಟ್ ಏರಿಸುತ್ತಾ ಹೋದರೆ ಪರದೆಯ ಮೇಲಿನ ಗೆರೆ ಸುತ್ತುತ್ತಾ ಚಿಕ್ಕದಾಗಿ, ಒಂದು ಚುಕ್ಕೆಯಾಗಬೇಕು. ನಮ್ಮಲ್ಲಿ ಆ ಚುಕ್ಕೆ ಆಗುವಷ್ಟರಲ್ಲಿ ಪಕ್ಕಕ್ಕೆ ಜಾರುತ್ತಿತ್ತು. ಸುತ್ತಿಕೊಟ್ಟ ವೈಂಡಿಂಗ್ ಅಂಗಡಿಯವರು, ಕಾಯಿಲ್ ಸರಿಯಾಗಿದೆ, ಟ್ಯೂಬೇ ಹಳೆಯದು ಅಂದರು. ಒಪ್ಪುವುದಕ್ಕೆ ಮನಸ್ಸು ಬರಲಿಲ್ಲ.

ಲ್ಯಾಬಿನಲ್ಲಿದ್ದ ಗಾಸ್‌ಮೀಟರ್ ಒಂದೇ ದಿಕ್ಕು ಅಳೆಯುತ್ತದೆ. ಅದರಲ್ಲಿ ಕಾಯಿಲ್ ಚೆನ್ನಾಗಿಯೇ ಕಂಡಿತು. ಕಾಣಲೇಬೇಕು. ಸಿಆರ್‌ಟಿ ಕೂರುವ ಸಾಲಿಗೆ ಕಾಯಿಲ್ 1 ಡಿಗ್ರಿ ಓರೆಯಾದರೂ ಉದ್ದಕ್ಕೆ ಅಳೆದ ಕ್ಷೇತ್ರ ಕಡಿಮೆಯಾಗುವುದು 10,000ದಲ್ಲಿ ಒಂದೂವರೆ ಪಾಲು ಮಾತ್ರ. ಆದರೆ ಅಡ್ಡಕ್ಕೆ ಅಳೆದರೆ ಸೊನ್ನೆ ಇರಬೇಕಾದ ಕಡೆ ಪೂರ್ತಿಯ 1.7% ಎದ್ದು ಕೂರುತ್ತದೆ. 2 ಆಂಪಿಯರಿಗೆ ನಮ್ಮ ಕಾಯಿಲ್ ಒಳಗೆ ಸುಮಾರು 4.8 ಮಿಲಿಟೆಸ್ಲಾ. ಅದರ 1.7% ಅಂದರೆ 84 ಮೈಕ್ರೋಟೆಸ್ಲಾ. ಈ ಚಿಪ್ ಒಂದು ಮೈಕ್ರೋಟೆಸ್ಲಾಗಿಂತ ಚಿಕ್ಕ ಹೆಜ್ಜೆಯಲ್ಲಿ ಓದುತ್ತದೆ. ಹೀಗಾಗಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಓರೆ ಬೇರೆ, ಪಕ್ಕಕ್ಕೆ ಸರಿಯುವುದು ಬೇರೆ. ಇದನ್ನೂ ಬಿಡಿಸಿ ತೋರಿಸುವುದೇ ಈ ಸೆನ್ಸರಿನಲ್ಲಿ ನನಗೆ ತುಂಬಾ ಇಷ್ಟವಾದದ್ದು. ಕಾಯಿಲ್ ಓರೆಯಾಗಿದ್ದರೆ ಅಡ್ಡ ಕ್ಷೇತ್ರ ಒಳಗೆಲ್ಲಾ ಇರುತ್ತದೆ. ನೆಟ್ಟಗೇ ಇದ್ದು ಪಕ್ಕಕ್ಕೆ ಸರಿದಿದ್ದರೆ ಮಧ್ಯದಲ್ಲಿ ಏನೂ ಕಾಣುವುದಿಲ್ಲ, ಎರಡು ತುದಿಗಳಲ್ಲಿ ಮಾತ್ರ ಏಳುತ್ತದೆ, ಅದೂ ಒಂದಕ್ಕೊಂದು ಎದುರು ದಿಕ್ಕಿನಲ್ಲಿ. ತುದಿಯಲ್ಲಿ ಕ್ಷೇತ್ರ ಬೇಗ ಇಳಿಯುತ್ತದಲ್ವಾ, ಬಲರೇಖೆಗಳು ಹೊರಗೆ ಹರಡುತ್ತವೆ, ಅದಕ್ಕೆ. ನಮ್ಮ ಅಳತೆಯ ಕಾಯಿಲಿಗೆ 1 ಮಿಲಿಮೀಟರ್ ಸರಿದರೆ ತುದಿಯಲ್ಲಿ ಸುಮಾರು 22 ಮೈಕ್ರೋಟೆಸ್ಲಾ.

ಆದರೆ ಬೋರ್ಡನ್ನು ಸುಮ್ನೆ ಒಳಗೆ ತೂರಿಸಿದರೆ ಏನೂ ಸಿಗುವುದಿಲ್ಲ. ಭೂಮಿಯ ಕ್ಷೇತ್ರವೇ ನಮ್ಮ ಕಡೆ 40 ಮೈಕ್ರೋಟೆಸ್ಲಾ ಆಸುಪಾಸು ಇದೆ. ಚಿಪ್ಪಿಗೂ ತನ್ನದೇ ಸೊನ್ನೆ ದೋಷ ಇರುತ್ತದೆ, ಅಂದರೆ ಕ್ಷೇತ್ರವೇ ಇಲ್ಲದಿದ್ದರೂ ಏನೋ ಒಂದು ಅಂಕಿ ತೋರಿಸುತ್ತದೆ. ಎರಡಕ್ಕೂ ಮದ್ದು ಒಂದೇ: ಪ್ರತಿ ಜಾಗದಲ್ಲೂ ಕರೆಂಟ್ ತಿರುಗಿಸಿ ಮತ್ತೆ ಓದಿ, ವ್ಯತ್ಯಾಸದ ಅರ್ಧ ತೆಗೆದುಕೊಳ್ಳಿ. ಇನ್ನೊಂದು ಸಮಸ್ಯೆ, ಚಿಪ್ಪನ್ನೇ ಬೋರ್ಡಿನ ಮೇಲೆ ಒಂಚೂರು ವಾರೆಯಾಗಿ ಕೂರಿಸಿರಬಹುದು. ಆಗ ಉದ್ದದ ಕ್ಷೇತ್ರವೇ ಅಡ್ಡ ಕ್ಷೇತ್ರದ ವೇಷ ಹಾಕಿ ಬರುತ್ತದೆ. ಅದಕ್ಕೆ ಬೋರ್ಡನ್ನು ಚೌಕಾಕಾರದ ಅಕ್ರಿಲಿಕ್ ತುಂಡಿಗೆ ಅಂಟಿಸಿ, ಸಿಆರ್‌ಟಿ ಕೂರುವ ಸಾಲಿನಲ್ಲೇ ಜಾರುವಂತೆ ಮಾಡಿದೆ. ಒಮ್ಮೆ ಓದಿದ ಮೇಲೆ ತುಂಡನ್ನು ತಲೆಕೆಳಗು ಮಾಡಿ, ಅಂದರೆ ಕಾಯಿಲಿನ ಅಕ್ಷದ ಸುತ್ತ 180 ಡಿಗ್ರಿ ತಿರುಗಿಸಿ, ಮತ್ತೆ ಓದಬೇಕು. ನಿಜವಾದ ಅಡ್ಡ ಕ್ಷೇತ್ರದ ಚಿಹ್ನೆ ಬದಲಾಗುತ್ತದೆ, ಚಿಪ್ಪಿನ ವಾರೆ ಬದಲಾಗುವುದಿಲ್ಲ. ಇಲ್ಲೂ ವ್ಯತ್ಯಾಸದ ಅರ್ಧವೇ ಉತ್ತರ. ಚಿಪ್ಪಿನ ಝಡ್ ದಿಕ್ಕು ಬೋರ್ಡಿಗೆ ಲಂಬವಾಗಿರುವುದರಿಂದ ಬೋರ್ಡನ್ನು ಪೈಪಿಗೆ ಅಡ್ಡಲಾಗಿ ನಿಲ್ಲಿಸಬೇಕು.

ಹೀಗೆ ತುದಿಯಿಂದ ತುದಿಗೆ ಓದಿದಾಗ ವಿಷಯ ನಿಚ್ಚಳವಾಯಿತು. ಬಾಬಿನ್‌ಗಳು ಸೇರುವ ಕಡೆ ಉದ್ದದ ಕ್ಷೇತ್ರ ಸುಮಾರು 5% ಇಳಿದಿತ್ತು. ಅದು ಬಾಬಿನ್‌ಗಳ ಅಂಚಿನ ತಟ್ಟೆಗಳಿರುವ, ತಂತಿ ಇಲ್ಲದ 6 ಮಿಲಿಮೀಟರ್ ಜಾಗದಿಂದ, ಲೆಕ್ಕಕ್ಕೆ ಸರಿಹೊಂದುತ್ತದೆ. ಅಡ್ಡ ಕ್ಷೇತ್ರ ಎಡ ಬಾಬಿನ್‌ನಲ್ಲಿ ಸೊನ್ನೆಯ ಹತ್ತಿರ. ಬಲ ಬಾಬಿನ್‌ನ ಮಧ್ಯದಲ್ಲಿ 55 ಮೈಕ್ರೋಟೆಸ್ಲಾ, ಪೂರ್ತಿ ಮೇಲೆ ಕೆಳಗಿನ ದಿಕ್ಕಿನಲ್ಲಿ. ಅಂದರೆ ಬಲ ಬಾಬಿನ್ ಒಂದು ಕಡೆ ತಗ್ಗಿದೆ, ಸುಮಾರು 0.7 ಡಿಗ್ರಿ. 200 ಮಿಲಿಮೀಟರ್ ಉದ್ದಕ್ಕೆ ಎರಡೂವರೆ ಮಿಲಿಮೀಟರ್. ಹೈಲಂ ಶೀಟಿನ (ಗಟ್ಟಿ ಲ್ಯಾಮಿನೇಟ್ ಹಲಗೆ) ಚೂರು ಕತ್ತರಿಸಿ, ಬಾಬಿನ್ ತಗ್ಗಿದ ಕಡೆಯ ಕಾಲಿನ ಕೆಳಗೆ ಕೊಟ್ಟೆ. ಮತ್ತೆ ಓದಿದಾಗ 55 ಇದ್ದದ್ದು ಕೆಲವೇ ಮೈಕ್ರೋಟೆಸ್ಲಾಕ್ಕೆ ಇಳಿಯಿತು. ಅದೇ ಹಳೆಯ ಟ್ಯೂಬಿನಲ್ಲಿ ಚುಕ್ಕೆ ಈಗ ಜಾರದೆ ಒಂದೇ ಕಡೆ ನಿಲ್ಲುತ್ತದೆ. ಹುಡುಗರು ತಾವೇ ಕರೆಂಟ್ ಏರಿಸಿ ಅದನ್ನು ನೋಡುವಾಗ ನನಗೆ ಬಹಳ ಖುಷಿಯಾಗುತ್ತದೆ.

ಕೊರತೆಗಳೂ ಇವೆ. ಬಿಸಿಯಾದರೆ ಓದು ಸರಿಯುತ್ತದೆ. ನಮ್ಮ ಕಾಯಿಲ್ 2 ಆಂಪಿಯರಿಗೆ 30 ವ್ಯಾಟ್ ತಿನ್ನುತ್ತದೆ, ಬೇಗ ಕಾಯುತ್ತದೆ. ಓದುವಾಗ ಮಾತ್ರ ಕರೆಂಟ್ ಕೊಡಿ, ಅದೂ ಸ್ಥಿರ ಕರೆಂಟಿನ ಸಪ್ಲೈಯಿಂದ. ಇಲ್ಲದಿದ್ದರೆ ತಂತಿ ಕಾದಾಗ ರೆಸಿಸ್ಟನ್ಸ್ ಏರಿ, ಕರೆಂಟ್ ಇಳಿದು, ಕ್ಷೇತ್ರವೂ ಇಳಿಯುತ್ತದೆ. ವೈರ್ ಉದ್ದ ಜಾಸ್ತಿಯಾದರೆ ಚಿಪ್ಪಿಗೂ ಆರ್ಡುಯಿನೊಗೂ ನಡುವಿನ ಐ2ಸಿ ಸಂಪರ್ಕ ತಡವರಿಸುತ್ತದೆ, ಕ್ಲಾಕ್ ನಿಧಾನ ಮಾಡಿಕೊಳ್ಳಬೇಕು. ಒಂಟಿ ಓದಿನಲ್ಲಿ ಅಂಕಿಗಳು ಕುಣಿಯುತ್ತವೆ, ಸರಾಸರಿ ತೆಗೆಯಲೇಬೇಕು. ಇ ಬೈ ಎಂ ಬೆಲೆಯ ಲೆಕ್ಕಕ್ಕೆ ಇದರ ಝಡ್ ಓದನ್ನು ನೇರವಾಗಿ ಹಾಕಬೇಡಿ. ಅಷ್ಟು ನಿಖರವಾದ ಕ್ಯಾಲಿಬ್ರೇಷನ್ ಇದಕ್ಕಿಲ್ಲ. ಸುತ್ತು ಮತ್ತು ಕರೆಂಟಿನಿಂದಲೇ ಲೆಕ್ಕ ಹಾಕಿ.

ತಗೊಳ್ಳುವಾಗ ಎರಡು ವಿಷಯ ನೋಡಿ. ಚಿಪ್ 3.3 ವೋಲ್ಟಿನದು, ಆರ್ಡುಯಿನೊ ಊನೊ 5 ವೋಲ್ಟಿನದು. ಹಾಗಾಗಿ ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಮತ್ತು ಎರಡರ ಸಿಗ್ನಲ್ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಇರುವ ಬೋರ್ಡನ್ನೇ ಕೇಳಿ. ಜೊತೆಗೆ ಬರುವ ಪಿನ್‌ಗಳಿಗೆ ಒಂದು ಆಯಸ್ಕಾಂತ ತಾಗಿಸಿ ನೋಡಿ. ಅಂಟಿಕೊಂಡರೆ ಆ ಪಿನ್ ಬೇಡ, ಬೋರ್ಡಿಗೆ ನೇರವಾಗಿ ತಾಮ್ರದ ವೈರ್ ಬೆಸುಗೆ ಹಾಕಿಸಿಕೊಳ್ಳಿ. ಕರೆಂಟ್ ತಿರುಗಿಸಿದಾಗ ಹತ್ತಿರದ ಕಬ್ಬಿಣದ ಕಾಂತತೆಯೂ ತಿರುಗುತ್ತದೆ, ವ್ಯತ್ಯಾಸ ತೆಗೆದರೂ ಅದು ಹೋಗುವುದಿಲ್ಲ. ಕಾಯಿಲ್ ಇಡುವ ಮೇಜು ಕೂಡ ಮರದ್ದೇ ಇರಲಿ, ಸ್ಕ್ರೂಗಳು ಹಿತ್ತಾಳೆಯವು.