ಮದುವೆ ಬಟ್ಟೆ ಕೊರಿಯರ್‌ಗೆ ಕೊಡುವ ಮುಂಚೆ ಆ ಚೀಟಿ ಓದಿ

ಕೊಡಗಿನಿಂದ ದೂರದ ಊರಿಗೆ ಮದುವೆ ಬಟ್ಟೆ ಕಳಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬುಕಿಂಗ್ ಚೀಟಿಯಲ್ಲಿ ಎರಡು ಚೌಕ ಇರುತ್ತವೆ. ಒಂದು ‘ಮೋಡ್’, ಇನ್ನೊಂದು ‘ವ್ಯಾಲ್ಯೂ’. ಆ ಎರಡನ್ನೂ ನೋಡದೆ ಸಹಿ ಹಾಕಿದ್ದಕ್ಕೆ ನಮ್ಮ 43,500 ರೂಪಾಯಿಯ ಬಟ್ಟೆ ಹಾಳಾಯಿತು, ನೆಂಟರ ಮುಂದೆ ಮರ್ಯಾದೆಯೂ ಹೋಯಿತು. ಬರೆಯಲು ನಾಚಿಕೆ ಆಗುತ್ತಿದೆ. ಆದರೆ ಅದೇ ಕೌಂಟರ್ ಮುಂದೆ ನಾಳೆ ಇನ್ನೊಬ್ಬರು ಡಬ್ಬಿ ಹಿಡಿದು ನಿಂತಿರುತ್ತಾರೆ.

ಡಬ್ಬಿಯಲ್ಲಿ ಇದ್ದದ್ದು ಮದುಮಗಳ ಕೆಂಪು ರೇಷ್ಮೆ ಸೀರೆ, ಉದ್ದ ತೋಳಿನ ರವಿಕೆ, ತಲೆಗೆ ಕಟ್ಟುವ ವಸ್ತ್ರ, ಕೊಡವ ಮದುಮಗ ತೊಡುವ ಬಿಳಿ ಕುಪ್ಯ (ಮೊಣಕಾಲುದ್ದದ ಕೋಟು), ಕೆಂಪು ಚೇಲೆ (ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ). ಎರಡೂ ಕಡೆಯವರದ್ದು ಗೋಣಿಕೊಪ್ಪದಲ್ಲೇ ಹೊಲಿಸಿದ್ದು. ಮದುವೆ ದೆಹಲಿಯಲ್ಲಿ, ಜೂನ್ 15ಕ್ಕೆ. ಕಕ್ಕಡ, ಅಂದರೆ ನಮ್ಮಲ್ಲಿ ಮದುವೆ ಮಾಡದ ಮಳೆಯ ತಿಂಗಳು, ಬರುವ ಮುಂಚೆ ಮುಗಿಸಬೇಕು ಅಂತ ಆ ದಿನ. ಬುಕಿಂಗ್ ಆದದ್ದು ಜೂನ್ 5ಕ್ಕೆ. ವಿಮಾನದಲ್ಲಾದರೆ ಮೂರು ದಿನ, ಇನ್ನೂ ಒಂದು ವಾರ ಕೈಯಲ್ಲಿ ಇರುತ್ತದೆ ಅಂತ ಲೆಕ್ಕ.

ಡಬ್ಬಿ 50×40×20 ಸೆಂ.ಮೀ., ತೂಕ 4 ಕೆಜಿ 200 ಗ್ರಾಂ. ಕೌಂಟರ್‌ನವನು 8 ಕೆಜಿಗೆ ದುಡ್ಡು ಹಾಕಿದ. ಇದರಲ್ಲಿ ಮೋಸ ಇಲ್ಲ. ಉದ್ದ, ಅಗಲ, ಎತ್ತರ ಗುಣಿಸಿ 5,000ದಿಂದ ಭಾಗಿಸಿದರೆ ಬರುವುದು 8, ತೂಕಕ್ಕಿಂತ ಅದು ಜಾಸ್ತಿ ಇದ್ದರೆ ಅದಕ್ಕೇ ಚಾರ್ಜು. ಏರ್ ರೇಟು ಅಂತ 1,760 ತಗೊಂಡ. ಮೋಸ ಇದ್ದದ್ದು ಆಮೇಲಿನ ಎರಡು ನಿಮಿಷದಲ್ಲಿ.

“ವ್ಯಾಲ್ಯೂ ಎಷ್ಟು ಹಾಕ್ಲಿ?” ಅಂತ ಕೇಳಿದ. ನಲವತ್ತಮೂರೂವರೆ ಅಂದೆವು. ಪೆನ್ನು ಕೆಳಗಿಟ್ಟು ನಕ್ಕ. “ಅಷ್ಟು ಬರೆದರೆ ಇ-ವೇ ಬಿಲ್ ಕೇಳ್ತಾರೆ, ಟ್ಯಾಕ್ಸ್‌ನವರು ದಾರೀಲಿ ಹಿಡಿದಿಟ್ಟುಕೊಂಡರೆ ಮದುವೆಗೆ ಮುಟ್ಟಲ್ಲ. ನಾನು 500 ಅಂತ ಹಾಕ್ತೀನಿ, ಎಲ್ಲರಿಗೂ ಹಾಗೇ ಮಾಡೋದು. ಇನ್ಶೂರೆನ್ಸ್ ಬೇರೆ ಇದೆ, 250 ಕೊಡಿ.” ಕೊಟ್ಟೆವು. ಕೊಟ್ಟೆವು ಮಾರಾಯ್ರೆ, ನಗದು, ರಸೀದಿ ಕೇಳದೆ.

ಈಗ ನೋಡಿ. ಇ-ವೇ ಬಿಲ್ ಅಂದರೆ ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ, ಅದು ಬೇಕಾಗುವುದು 50,000 ದಾಟಿದ ಸರಕಿಗೆ. ನಮ್ಮದು 43,500. ಅದು ಗೊತ್ತಿದ್ದರೆ ಅಲ್ಲೇ ಬಾಯಿ ಮುಚ್ಚಿಸಬಹುದಿತ್ತು. ವ್ಯಾಲ್ಯೂ ಚೌಕದಲ್ಲಿ 500 ಅಂತ ಬರೆದ ಕ್ಷಣಕ್ಕೆ ಕಂಪನಿಯ ಲೆಕ್ಕದಲ್ಲಿ ಆ ಸೀರೆಯ ಬೆಲೆ 500 ರೂಪಾಯಿ. ಇನ್ಶೂರೆನ್ಸ್ ಅಂದರೆ ಕಂಪನಿಯ ಭಾಷೆಯಲ್ಲಿ ‘ಕ್ಯಾರಿಯರ್ಸ್ ರಿಸ್ಕ್’, ಹಾಳಾದರೆ ಹೊಣೆ ಸಾಗಿಸುವವರದ್ದು. ಬರೆಸಿದ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಅದಕ್ಕೆ ಚಾರ್ಜು ಬೀಳುತ್ತದೆ, ಚೀಟಿಯಲ್ಲಿ ಅದೇ ಸಾಲಿನಲ್ಲಿ ನಮೂದಾಗಬೇಕು. ನಮ್ಮ ಚೀಟಿಯಲ್ಲಿ ‘ಓನರ್ಸ್ ರಿಸ್ಕ್’, ಅಂದರೆ ಹೊಣೆ ಕಳಿಸುವವರದ್ದೇ, ಅಂತ ಟಿಕ್ ಆಗಿತ್ತು. 500 ರೂಪಾಯಿ ಮಾಲಿಗೆ 250 ರೂಪಾಯಿ ಇನ್ಶೂರೆನ್ಸ್ ಯಾವ ಊರಲ್ಲಿದೆ? ಆಗ ತಲೆಗೆ ಹೋಗಲಿಲ್ಲ. ಆ 250 ಅವನ ಜೇಬಿಗೆ.

ಮೋಡ್ ಚೌಕದಲ್ಲಿ ಕಾರ್ಬನ್ ಪ್ರತಿಯಲ್ಲಿ ಮಸುಕಾಗಿ ‘ಎಸ್’ ಅಂತ ಇತ್ತು. ಎಸ್ ಅಂದರೆ ಸರ್ಫೇಸ್, ಲಾರಿ. ಏರ್ ಆದರೆ ‘ಎ’. ದುಡ್ಡು ‘ಎ’ಗೆ, ಡಬ್ಬಿ ‘ಎಸ್’ಗೆ.

ಟ್ರ್ಯಾಕಿಂಗ್ ನೋಡುತ್ತಾ ಹೋದೆವು. 6ಕ್ಕೆ ಗೋಣಿಕೊಪ್ಪ ಬಿಟ್ಟಿತು. ತಿತಿಮತಿ, ಹುಣಸೂರು ದಾಟಿ 7ಕ್ಕೆ ಮೈಸೂರು, 8ಕ್ಕೆ ಬೆಂಗಳೂರು ಹಬ್. ಇಲ್ಲಿವರೆಗೆ ಅನುಮಾನ ಬರಲು ಕಾರಣ ಇಲ್ಲ. ಕೊಡಗಿನಲ್ಲಿ ರೈಲೂ ಇಲ್ಲ ವಿಮಾನ ನಿಲ್ದಾಣವೂ ಇಲ್ಲ, ಏನೇ ಆದರೂ ಮೊದಲು ರಸ್ತೆಯಲ್ಲೇ ಇಳಿಯಬೇಕು. 11ಕ್ಕೆ ‘ನಾಗ್ಪುರ’ ಅಂತ ಬಂತು. ನಾಗ್ಪುರ! ಬೆಂಗಳೂರಿನಿಂದ ದೆಹಲಿಗೆ ವಿಮಾನ ಹತ್ತಿದ ಡಬ್ಬಿ ಮೂರು ದಿನ ಆದ ಮೇಲೆ ನಾಗ್ಪುರದ ಗೋಡೌನಲ್ಲಿ ಏನು ಮಾಡುತ್ತಿದೆ? ಆ ಹೆಸರು ನೋಡಿದಾಗ ಹೊಟ್ಟೆಯೊಳಗೆ ಏನೋ ಕುಸಿಯಿತು. ಕೌಂಟರ್‌ನವನಿಗೆ ಫೋನ್ ಹಚ್ಚಿದರೆ ಅವನ ಉತ್ತರ: “ಫ್ಲೈಟು ಅಲ್ಲಿ ಇಳಿದು ಹೋಗುತ್ತೆ ಸಾರ್.” ಎರಡನೇ ಸಲ ಕೇಳಿದಾಗ: “ಮಳೆ ಸಾರ್, ಫ್ಲೈಟ್ ಡೈವರ್ಟ್ ಆಗಿರಬೇಕು.” ಮೂರನೇ ಸಲ: “ನಾನು ಬರೀ ಫ್ರಾಂಚೈಸಿ, ಹಬ್‌ಗೆ ಕೇಳಿ.” ದುಡ್ಡು ತಗೊಳ್ಳುವಾಗ ಫ್ರಾಂಚೈಸಿ ಅಂತ ಹೇಳಿರಲಿಲ್ಲ.

13ರ ರಾತ್ರಿ ಒಂಬತ್ತಕ್ಕೆ ಡೆಲಿವರಿ. ತಗೊಂಡವರು ಒಟಿಪಿ ಹೇಳಿಬಿಟ್ಟರು. ಇದು ಇನ್ನೊಂದು ತಪ್ಪು. ಒಟಿಪಿ ಹೇಳಿದರೆ ‘ಸರಕು ಸುಸ್ಥಿತಿಯಲ್ಲಿ ಮುಟ್ಟಿತು’ ಅಂತ ಸಹಿ ಮಾಡಿದ ಹಾಗೆ. ಡಬ್ಬಿಯ ಮೇಲ್ಭಾಗ ಒಣಗಿತ್ತು, ಕೆಳಭಾಗ ಒತ್ತಿದರೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗೆ. ಲಾರಿಯ ನೆಲದಲ್ಲೋ ಗೋಡೌನಿನಲ್ಲೋ ನೀರಲ್ಲಿ ಕೂತಿದೆ. ಒಳಗೆ ಕೆಳಗಡೆ ಚೇಲೆ, ಅದರ ಮೇಲೆ ಕುಪ್ಯ, ಅದರ ಮೇಲೆ ಸೀರೆ. ಚೇಲೆಯ ಕೆಂಪು ಬಣ್ಣ ಕುಪ್ಯಕ್ಕೆ ಹತ್ತಿತ್ತು. ಬೆನ್ನಿನಿಂದ ಅಂಚಿನವರೆಗೆ ಒಂದು ಅಂಗೈ ಅಗಲಕ್ಕೆ ಗುಲಾಬಿ, ಅಂಚಿನಲ್ಲಿ ಕಡು ಗೆರೆ. ಮುಹೂರ್ತಕ್ಕೆ ಕೂರುವ ಗಂಡಿನ ಬಿಳಿ ಕುಪ್ಯ ಸ್ವಾಮಿ.

ಸೀರೆಯದ್ದು ಬೇರೆ ಕಥೆ, ಅದು ನೀರಿನಿಂದ ಆದದ್ದಲ್ಲ. ನೆರಿಗೆ ಕೆಡಬಾರದು ಅಂತ ರಬ್ಬರ್ ಬ್ಯಾಂಡ್ ಹಾಕಿದ್ದರು. ರಬ್ಬರಿನಲ್ಲಿ ಗಂಧಕ ಇರುತ್ತದೆ, ಅಸಲಿ ಜರಿಯಲ್ಲಿ ಬೆಳ್ಳಿ. ಎರಡೂ ಸೇರಿ, ಮೇಲಿಂದ ತೇವ, ಎಂಟು ದಿನ ಮುಚ್ಚಿದ ಡಬ್ಬಿ. ಬ್ಯಾಂಡ್ ಕೂತ ಜಾಗದಲ್ಲೆಲ್ಲ ಜರಿಗೆ ಕಪ್ಪು ಪಟ್ಟಿ. ಇದಕ್ಕೆ ಕೊರಿಯರ್‌ನವರನ್ನು ಬೈದು ಪ್ರಯೋಜನ ಇಲ್ಲ, ಪ್ಯಾಕ್ ಮಾಡಿದ್ದು ನಾವೇ.

ಕಸ್ಟಮರ್ ಕೇರ್‌ನ ಉತ್ತರಗಳು ಕೇಳಿ. ಮೊದಲನೆಯದು: “ಔಟರ್ ಬಾಕ್ಸ್ ಹರಿದಿಲ್ಲ, ಆದ್ದರಿಂದ ಡ್ಯಾಮೇಜ್ ಅಲ್ಲ.” ಒದ್ದೆಯಾದ ರಟ್ಟು ಹರಿಯುವುದಿಲ್ಲ, ಮೆತ್ತಗಾಗುತ್ತದೆ ಅಂತ ಹೇಳಿದೆವು. ಎರಡನೆಯದು: “ಒಟಿಪಿ ಕೊಟ್ಟಿದ್ದೀರಿ.” ಮೂರನೆಯದು: “ನಿಮ್ಮ ಡಿಕ್ಲೇರ್ಡ್ ವ್ಯಾಲ್ಯೂ 500.” ಏರ್ ದುಡ್ಡು ತಗೊಂಡು ಲಾರಿಯಲ್ಲಿ ಹಾಕಿದ್ದರ ಬಗ್ಗೆ ಕೇಳಿದರೆ ಚೀಟಿಯ ಫೋಟೋ ಕಳಿಸಿ ಎಸ್ ಅಕ್ಷರಕ್ಕೆ ಸುತ್ತು ಹಾಕಿದರು, ಕೆಳಗೆ ನಮ್ಮದೇ ಸಹಿ. ಕೊನೆಗೆ ಕರುಣೆ ತೋರಿಸಿ 500 ರೂಪಾಯಿಯ ಕೂಪನ್ ಕೊಟ್ಟಿದ್ದಾರೆ. ಮುಂದಿನ ಬುಕಿಂಗ್‌ಗೆ ಮಾತ್ರ, 30 ದಿನದೊಳಗೆ. ಮತ್ತೆ ಅವರ ಹತ್ತಿರವೇ ಹೋಗಬೇಕಂತೆ!

ಮದುವೆ ಬಟ್ಟೆ ಕೈಯಲ್ಲಿ ಹೋಗಬೇಕು, ಅಷ್ಟೇ. ಜರಿ ತುಂಬಿದ ರೇಷ್ಮೆ ಸೀರೆ ಒಂದು ಕೆಜಿ ಆಸುಪಾಸು. ರವಿಕೆ, ವಸ್ತ್ರ, ಕುಪ್ಯ, ಚೇಲೆ ಎಲ್ಲ ಸೇರಿದರೂ ಮೂರು ಕೆಜಿಯ ಹತ್ತಿರ. ನಮ್ಮ 4 ಕೆಜಿ 200ರಲ್ಲಿ ಉಳಿದದ್ದು ರಟ್ಟು, ಪೇಪರ್. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 7 ಕೆಜಿ ಕೈಚೀಲ ಬಿಡುತ್ತಾರೆ, ಅಳತೆ 55×35×25 ಸೆಂ.ಮೀ. ಇಬ್ಬರ ಬಟ್ಟೆ ಒಬ್ಬರ ಚೀಲದಲ್ಲಿ ಹಿಡಿಯುತ್ತದೆ. ಅದೇ ಬಟ್ಟೆಯನ್ನು ಚೆಕ್-ಇನ್‌ಗೆ ಹಾಕಿದರೆ, ಪೆಟ್ಟಿಗೆ ಕಳೆದರೆ ದೇಶದೊಳಗಿನ ಪ್ರಯಾಣಕ್ಕೆ ಪರಿಹಾರದ ಮಿತಿ 20,000 ರೂಪಾಯಿ. ಸೀರೆಯ ಸೆರಗಿಗೂ ಸಾಲದು. ಪತ್ತಾಕ್, ಜೋಮಾಲೆ, ಕೊಕ್ಕೆತಾತಿಯಂಥ ಕತ್ತಿನ ಒಡವೆ ಮೈಮೇಲೆ ಅಥವಾ ಕೈಚೀಲದಲ್ಲಿ, ಬೇರೆ ಎಲ್ಲೂ ಅಲ್ಲ.

ಮದುಮಗ ಧರಿಸುವ ಪೀಚೆಕತ್ತಿ (ಕಠಾರಿ), ಒಡಿಕತ್ತಿ (ಅಗಲ ಅಲಗಿನ ಕತ್ತಿ) ಮಾತ್ರ ಕೈಚೀಲದಲ್ಲಿ ಒಯ್ಯುವ ಹಾಗಿಲ್ಲ. ಅಲಗು ಇದ್ದದ್ದು ಚೆಕ್-ಇನ್‌ಗೇ ಹೋಗಬೇಕು. ಒರೆಯಲ್ಲಿ ಹಾಕಿ, ಮೇಲೆ ದಪ್ಪ ಬಟ್ಟೆ ಸುತ್ತಿ, ಕೌಂಟರ್‌ನಲ್ಲಿ ಮೊದಲೇ ಬಾಯಿಬಿಟ್ಟು ಹೇಳಿ. ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ ಅಂತ ಸೆಕ್ಯುರಿಟಿಯವರ ಹತ್ತಿರ ವಾದಕ್ಕೆ ನಿಲ್ಲಬೇಡಿ. ಅದು ಬೇರೆ, ಇದು ಬೇರೆ, ವಿಮಾನ ನಿಲ್ಲುವುದಿಲ್ಲ. ಮಂಡೆ ತುಣಿ ಚಪ್ಪಟೆ ತಲೆಯ ಪೇಟ, ಒಮ್ಮೆ ಅದುಮಿದರೆ ಆಕಾರ ಬರುವುದಿಲ್ಲ. ಒಳಗೆ ಮೆತ್ತನೆಯ ಬಟ್ಟೆ ತುಂಬಿ ಅದಕ್ಕೇ ಒಂದು ಡಬ್ಬಿ ಮಾಡಿ, ತೊಡೆ ಮೇಲೆ ಇಟ್ಟುಕೊಂಡು ಹೋಗಿ.

ಮಳೆಗಾಲದಲ್ಲಿ ಕಣ್ಣೂರಿಂದ ವಿಮಾನ ಅಂತ ಕೇರಳಕ್ಕೆ ಇಳಿಯುವ ಮಾಕುಟ್ಟ ಘಾಟಿ ರಸ್ತೆ ನಂಬಿದವರು ಒಂದು ದಿನ ಮುಂಚೆ ಹೊರಡಿ. 2018ರ ಮಳೆಗಾಲ ನೆನಪಿದೆಯಲ್ಲ, ಆ ಕಡೆ ಮಾಕುಟ್ಟ, ಈ ಕಡೆ ಮಂಗಳೂರು ದಾರಿಯ ಸಂಪಾಜೆ, ಎರಡೂ ಬಂದ್ ಆಗಿದ್ದವು.

ಹೋಗುವವರೇ ಇಲ್ಲ, ಪಾರ್ಸೆಲ್ಲೇ ಗತಿ ಅನ್ನುವವರಿಗೆ: ಬಿಳಿಯನ್ನೂ ಕೆಂಪನ್ನೂ ಒಂದು ಡಬ್ಬಿಗೆ ಹಾಕಲೇಬೇಡಿ. ಹಾಕಲೇಬೇಡಿ. ಎರಡು ಡಬ್ಬಿ, ಎರಡು ಬುಕಿಂಗ್. ಗಂಜಿ ಹಾಕದ, ಒಗೆದು ಒಣಗಿಸಿದ ಬಿಳಿ ಮಲ್‌ಮಲ್‌ನಲ್ಲಿ ಸೀರೆ ಸುತ್ತಿ, ಮಡಿಕೆಯ ಒಳಗೆ ಬಟ್ಟೆಯ ಸುರುಳಿ ಇಡಿ, ಇಲ್ಲದಿದ್ದರೆ ಜರಿ ಮಡಿಕೆಯಲ್ಲೇ ಮುರಿಯುತ್ತದೆ. ಚೇಲೆಯನ್ನು ಮಡಿಸದೆ ರಟ್ಟಿನ ಕೊಳವೆಗೆ ಸುತ್ತಿ. ನ್ಯೂಸ್‌ಪೇಪರ್ ಬೇಡ, ಶಾಯಿ ಹತ್ತುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ರಬ್ಬರ್ ಬ್ಯಾಂಡ್ ಬದಲು ಹತ್ತಿ ಲಾಡಿ. ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಟೇಪು ಸುತ್ತುವುದಾದರೆ ಬಟ್ಟೆ ಪೂರ್ತಿ ಒಣಗಿರಬೇಕು, ಒಳಗೆ ಐದು ಗ್ರಾಂನ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಇರಬೇಕು. ಜೂನ್ ಗಾಳಿಯಲ್ಲಿ ಮುಚ್ಚಿದರೆ ನೀವೇ ತೇವವನ್ನು ಒಳಗೆ ಕೂಡಿಹಾಕಿದ ಹಾಗೆ.

ಕೌಂಟರ್‌ನಲ್ಲಿ ವ್ಯಾಲ್ಯೂ ನಿಜ ಬರೆಸಿ, ಬಿಲ್ಲಿನ ಪ್ರತಿ ಲಗತ್ತಿಸಿ, ಕ್ಯಾರಿಯರ್ಸ್ ರಿಸ್ಕ್ ಅಂತ ಟಿಕ್ ಆದದ್ದನ್ನು ಫೋಟೋ ತೆಗೆಯಿರಿ. ಒಲ್ಲೆ ಅಂದರೆ ಡಬ್ಬಿ ವಾಪಸ್ ಎತ್ತಿಕೊಳ್ಳಿ. ಅಂಚೆಯ ಸ್ಪೀಡ್ ಪೋಸ್ಟ್‌ನಲ್ಲೂ ಇನ್ಶೂರ್ ಮಾಡಿಸದಿದ್ದರೆ ಕಳೆದದ್ದಕ್ಕೆ ಸಿಗುವುದು ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಅಲ್ಲೂ ಕೇಳಿ ಮಾಡಿಸಿಕೊಳ್ಳಿ. ತಗೊಳ್ಳುವವರಿಗೆ ಮೊದಲೇ ಹೇಳಿಡಿ, ಡಬ್ಬಿಯ ಆರೂ ಮುಖ ವಿಡಿಯೋ ಆದ ಮೇಲೆ ಒಟಿಪಿ. ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ, ನಾವೂ ಹಾಕಿದ್ದೇವೆ. 500ರ ಚೀಟಿ ಇಟ್ಟುಕೊಂಡು ಹೋರಾಡುವುದು ಎಷ್ಟು ಕಷ್ಟ ಅಂತ ಈಗ ಗೊತ್ತಾಗುತ್ತಿದೆ.

ಈಗಾಗಲೇ ಒದ್ದೆ ಡಬ್ಬಿ ಬಿಚ್ಚಿ ಕೂತಿದ್ದರೆ, ಮೊದಲು ಬಿಳಿಯನ್ನು ಕೆಂಪಿನಿಂದ ಬೇರೆ ಮಾಡಿ. ಸೀರೆಯನ್ನು ಬಿಳಿ ಟವೆಲ್ಲಿನಲ್ಲಿ ಸುತ್ತಿ ನೀರು ಹೀರಿಸಿ, ಫ್ಯಾನಿನ ಕೆಳಗೆ ಅಗಲಕ್ಕೆ ಹರಡಿ, ಬಿಸಿಲಿಗೆ ಬೇಡ. ಕುಪ್ಯ ಒಣಗುವ ಮುಂಚೆ ತಣ್ಣೀರು ಹರಿಯಬಿಟ್ಟು ತೊಳೆಯಿರಿ, ಬಿಸಿನೀರು ಬೇಡ. ಇಸ್ತ್ರಿ ಮಾತ್ರ ಹಾಕಬೇಡಿ. ನಮ್ಮವರು ಗಾಬರಿಯಲ್ಲಿ 14ರ ಬೆಳಿಗ್ಗೆ ಹಾಕಿಬಿಟ್ಟರು. ಕಾವಿಗೆ ಬಣ್ಣ ಕಚ್ಚಿಕೊಂಡಿತು, ಆಮೇಲೆ ಮೂರು ಡ್ರೈಕ್ಲೀನಿಂಗ್‌ನವರು ನೋಡಿ ವಾಪಸ್ ಕೊಟ್ಟರು. ಗಂಡು ಮುಹೂರ್ತಕ್ಕೆ ಕೂತದ್ದು ಬೇರೆಯವರ ಕುಪ್ಯದಲ್ಲಿ, ತೋಳು ಎರಡು ಬೆರಳು ಗಿಡ್ಡ. ಎಲ್ಲ ಫೋಟೋದಲ್ಲೂ ಕಾಣುತ್ತದೆ.