ಮಾರ್ಕ್ ಆಂಟನಿಯ ಲೀಜನ್ ದಿನಾರಿಯಸ್: ಸವೆದಿದ್ದರೂ ಕೊಳ್ಳತಕ್ಕ ನಾಣ್ಯ

ಅಂದವನ್ನೇ ಬಯಸಿ ರೋಮನ್ ಬೆಳ್ಳಿ ನಾಣ್ಯ ಕೊಳ್ಳುವವರಿಗೆ ರೋಮನ್ ಸೇನಾನಿ ಮಾರ್ಕ್ ಆಂಟನಿಯ ಲೀಜನ್ (ರೋಮನ್ ಸೇನೆಯ ದೊಡ್ಡ ಪಡೆ) ದಿನಾರಿಯಸ್ ನಿರಾಸೆ ತರಬಹುದು; ಚರಿತ್ರೆಯನ್ನು ಬಯಸುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ವಿರಳ. ಕ್ರಿ.ಪೂ. 31ರ ಆಕ್ಟಿಯಮ್ ನೌಕಾಯುದ್ಧಕ್ಕೆ ಮುನ್ನ ತನ್ನ ಸೈನಿಕರಿಗೂ ನಾವಿಕರಿಗೂ ವೇತನ ಕೊಡಲೆಂದು ಆಂಟನಿ ಇವನ್ನು ಅಪಾರ ಸಂಖ್ಯೆಯಲ್ಲಿ ಅಚ್ಚು ಹಾಕಿಸಿದ.

ಮುಮ್ಮುಖದಲ್ಲಿ ಹುಟ್ಟುಗಳ ಸಾಲಿರುವ ಯುದ್ಧನೌಕೆ ಮತ್ತು ಆಂಟನಿಯ ಪದವಿಗಳಿವೆ. ಹಿಮ್ಮುಖದಲ್ಲಿ ಎರಡು ಧ್ವಜದಂಡಗಳ ನಡುವೆ ಲೀಜನ್ನಿನ ಹದ್ದು ನಿಂತಿದ್ದು, ಅದರೊಡನೆ ಲೀಜನ್ನಿನ ಸಂಖ್ಯೆ ಕೆತ್ತಿದೆ. 2ರಿಂದ 23ರವರೆಗಿನ ಲೀಜನ್ನುಗಳ ನಾಣ್ಯಗಳಲ್ಲದೆ, ಅಂಗರಕ್ಷಕ ಪಡೆಗಳಿಗೂ ಬೇಹಿನ ದಳಕ್ಕೂ ಪ್ರತ್ಯೇಕ ನಾಣ್ಯಗಳಿವೆ; 12, 17 ಮತ್ತು 18ನೆಯ ಲೀಜನ್ನುಗಳಿಗೆ ಸಂಖ್ಯೆಯ ಜೊತೆಗೆ ಹೆಸರನ್ನೂ ಬರೆದ ಅಚ್ಚುಗಳು ಸಿಗುತ್ತವೆ. ಬೇರೆ ನಾಣ್ಯಗಳಲ್ಲಿ ತನ್ನ ಮುಖವನ್ನು ಧಾರಾಳವಾಗಿ ಒತ್ತಿಸಿದ ಆಂಟನಿ ಇಲ್ಲಿ ಆ ಜಾಗವನ್ನು ನೌಕೆಗೆ ಬಿಟ್ಟುಕೊಟ್ಟಿರುವುದೇ ಈ ಸರಣಿಯ ಸೊಗಸೆಂದು ನನಗನ್ನಿಸುತ್ತದೆ.

ಲೋಹದ ಗುಣವನ್ನು ಮಾತ್ರ ಹೊಗಳುವಂತಿಲ್ಲ. ಆಂಟನಿ ದಿನಾರಿಯಸ್‌ಗೆ ಕಬ್ಬಿಣ ಬೆರೆಸಿದನೆಂದು ರೋಮನ್ ಲೇಖಕ ಪ್ಲಿನಿ ದೂರಿದ್ದಾನೆ. ನಿಜಕ್ಕೂ ಬೆರೆತದ್ದು ತಾಮ್ರ. ಆದರೆ ಆ ಕೊರತೆಯೇ ಇವುಗಳ ಆಯಸ್ಸನ್ನು ಹೆಚ್ಚಿಸಿತು. ಹೆಚ್ಚು ಶುದ್ಧವಾದ ಹಳೆಯ ನಾಣ್ಯಗಳನ್ನು ಜನರು ಕೂಡಿಟ್ಟರು, ಟಂಕಸಾಲೆಗಳು ಕರಗಿಸಿದವು. ಇವು ಇನ್ನೂರು ವರ್ಷಗಳಿಗೂ ಮೀರಿ ಕೈಯಿಂದ ಕೈಗೆ ಓಡಾಡುತ್ತಲೇ ಉಳಿದವು. ಆದ್ದರಿಂದ ಮಾರಾಟಕ್ಕೆ ಬರುವವುಗಳಲ್ಲಿ ಬಹುಪಾಲು ತೀರಾ ಸವೆದಿರುತ್ತವೆ, ಹಲವಕ್ಕೆ ಬೆಳ್ಳಿಯನ್ನು ಪರೀಕ್ಷಿಸಲು ಹಾಕಿದ ಸಣ್ಣ ಮುದ್ರೆಗಳ ಗುರುತೂ ಇರುತ್ತದೆ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ.

ಕೊಳ್ಳುವಾಗ ಹೊಳಪಿಗಿಂತ ಮೊದಲು ಲೀಜನ್ನಿನ ಸಂಖ್ಯೆಯನ್ನು ನೋಡಬೇಕು. ಅಚ್ಚು ಓರೆಯಾಗಿ ಬಿದ್ದು ಒಂದು ಗೆರೆ ಅಂಚಿನಾಚೆ ಹೋಗಿದ್ದರೆ 8ನೆಯ ಲೀಜನ್ (ರೋಮನ್ ಅಂಕಿಯಲ್ಲಿ VIII) 7ನೆಯದಾಗಿ (VII) ಕಾಣುತ್ತದೆ. ಸಂಖ್ಯೆಯ ಮೇಲೆ ಬೆಲೆ ನಿಂತಿರುವ ಈ ಸರಣಿಯಲ್ಲಿ ಅದು ಸಣ್ಣ ವಿಷಯವಲ್ಲ. ಮೊದಲನೆಯ ಲೀಜನ್ನಿನ ನಾಣ್ಯವೆಂದು ಯಾರಾದರೂ ತೋರಿಸಿದರೆ ಅನುಮಾನಿಸುವುದೇ ಕ್ಷೇಮ. ಅಂಚಿನಲ್ಲೋ ಸವೆದ ಉಬ್ಬುಗಳಲ್ಲೋ ತಾಮ್ರ ಇಣುಕುತ್ತಿದ್ದರೆ ಅದು ಆ ಕಾಲದ್ದೇ ಆದ ಬೆಳ್ಳಿ ಹೊದಿಕೆಯ ಖೋಟಾ ನಾಣ್ಯವಿರಬಹುದು.

ಚಕ್ರವರ್ತಿಯ ಮುಖವೂ ಬೇಕೆನ್ನುವವರು ಸೆಪ್ಟಿಮಿಯಸ್ ಸೆವೆರಸ್ ಕ್ರಿ.ಶ. 193ರಲ್ಲಿ ತನ್ನ ಬೆಂಬಲಕ್ಕೆ ನಿಂತ ಲೀಜನ್ನುಗಳಿಗಾಗಿ ಆರಂಭಿಸಿದ ಸರಣಿಯನ್ನು ನೋಡಬಹುದು. ಅದರಲ್ಲಿ 14ನೆಯ ಜೆಮಿನಾ ಲೀಜನ್ನಿನ ನಾಣ್ಯ ಸುಲಭವಾಗಿ ಸಿಗುತ್ತದೆ, ಉಳಿದವಕ್ಕೆ ತಾಳ್ಮೆ ಬೇಕು.